ಒಂದು ದಿನ ವೆಬ್‌ಸೈಟ್ ಬಂದ್ ಮಾಡಿದರೆ ಸರ್ಕಾರ ಕೇಳುತ್ತಾ?

ಓದುಗರ ಪ್ರಶ್ನೆ: ನಾವು ನಾಲ್ಕು ಜನ ಸೇರಿ ಒಂದು ಉಚಿತ ವೆಬ್‌ಸೈಟ್ ನಡೆಸುತ್ತಿದ್ದೇವೆ. ವಿದ್ಯಾರ್ಥಿಗಳಿಗೆ ಬೇಕಾದ ಪಾಠ, ಟಿಪ್ಪಣಿ, ಮಾದರಿ ಉತ್ತರಗಳನ್ನು ಓದುಗರೇ ಹಾಕುತ್ತಾರೆ, ಓದುಗರೇ ತಿದ್ದುತ್ತಾರೆ. ಬಳಕೆದಾರರು ಹಾಕುವ ಪ್ರತಿಯೊಂದಕ್ಕೂ ಸೈಟ್ ನಡೆಸುವವರೇ ಹೊಣೆ ಎನ್ನುವ ಮಸೂದೆಯೊಂದು ಬರುತ್ತಿದೆ. ಅದು ಕಾನೂನಾದರೆ ನಮ್ಮಂಥವರು ಬಾಗಿಲು ಹಾಕಬೇಕಾಗುತ್ತದೆ. ಇದನ್ನು ವಿರೋಧಿಸಿ ಒಂದು ದಿನ ಬಂದ್ ಮಾಡೋಣ ಎಂದು ಕೆಲವು ಸೈಟ್‌ಗಳು ನಮ್ಮನ್ನೂ ಕರೆದಿವೆ. ನಮ್ಮಲ್ಲೇ ಒಮ್ಮತವಿಲ್ಲ. ಒಬ್ಬರು ‘ವಿಕಿಪೀಡಿಯ ಒಂದೇ ದಿನ ಬಂದ್ ಮಾಡಿ ಅಮೆರಿಕದ ಕಾನೂನನ್ನೇ ನಿಲ್ಲಿಸಿತು’ ಅನ್ನುತ್ತಾರೆ. ಇನ್ನೊಬ್ಬರು ‘ಪರೀಕ್ಷೆ ಹತ್ತಿರ ಬಂದಾಗ ಮಕ್ಕಳಿಗೆ ತೊಂದರೆ ಕೊಟ್ಟರೆ ಸರ್ಕಾರಕ್ಕೇನು ನಷ್ಟ?’ ಅನ್ನುತ್ತಾರೆ. ಸರ್ಚ್‌ನಲ್ಲಿ ನಮ್ಮ ಸ್ಥಾನ ಬಿದ್ದುಹೋಗುತ್ತದೇನೋ ಎಂಬ ಭಯವೂ ಇದೆ. ಇದು ನಿಜಕ್ಕೂ ಕೆಲಸ ಮಾಡುತ್ತದೆಯೇ? ನಾವು ಸೇರಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಬಂದ್ ಮಾಡಿದರೆ ಮಸೂದೆ ನಿಲ್ಲುತ್ತದೆಯೇ ಎಂಬುದು ಒಂದು. ನಿಲ್ಲದೇ ಹೋದರೆ ಸುಮ್ನೆ ನಮ್ಮ ಓದುಗರನ್ನೇ ನೋಯಿಸಿದಂತಾಗುತ್ತದೆಯೇ ಎಂಬುದು ಇನ್ನೊಂದು. ಇಂಟರ್ನೆಟ್ ಕಾನೂನುಗಳ ವಿಚಾರದಲ್ಲಿ ಸಂಸ್ಥೆಗಳಿಗೆ ಸಲಹೆ ಕೊಡುವ ನನಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬರೀ ಬಂದ್‌ಗೆ ಯಾವ ಸರ್ಕಾರವೂ ಬಗ್ಗುವುದಿಲ್ಲ. ಅವತ್ತು ನಿಮ್ಮ ಸೈಟ್‌ಗೆ ಬಂದವರು ತಮ್ಮ ಜನಪ್ರತಿನಿಧಿಗೆ ಫೋನ್ ಮಾಡಬೇಕು. ಆ ಪ್ರತಿನಿಧಿಗೆ ಮನಸ್ಸು ಬದಲಿಸಲು ಇನ್ನೂ ಸಮಯ ಇರಬೇಕು. ಇವೆರಡೂ ಕೂಡಿ ಬಂದ ಕಡೆ ಬಂದ್ ಗೆದ್ದಿದೆ, ಕೂಡಿ ಬರದ ಕಡೆ ಸೋತಿದೆ.

ಮೊದಲು ಆ ವಿಕಿಪೀಡಿಯ ಕಥೆ ನೋಡೋಣ. ಎಲ್ಲರೂ ಉದಾಹರಿಸುವುದು ಅದನ್ನೇ, ಆದರೆ ಅರ್ಧ ಮಾತ್ರ ಹೇಳುತ್ತಾರೆ.

ಅಮೆರಿಕದಲ್ಲಿ 2011ರಲ್ಲಿ ಸಂಸತ್ತಿನ ಕೆಳಮನೆಯಲ್ಲಿ ಸೋಪಾ, ಮೇಲ್ಮನೆಯಾದ ಸೆನೆಟ್‌ನಲ್ಲಿ ಪೀಪಾ ಎಂಬ ಎರಡು ಮಸೂದೆಗಳು ಬಂದವು. ಪೈರಸಿ ತಡೆಯುವುದು ಉದ್ದೇಶ. ಅದಕ್ಕಾಗಿ ವಿದೇಶಿ ಸೈಟ್‌ಗಳನ್ನು ಜನರ ಕಣ್ಣಿಗೆ ಬೀಳದಂತೆ ತಡೆಯುವ, ಅವುಗಳಿಗೆ ಹಣ ಹೋಗುವ ದಾರಿ ಮುಚ್ಚುವ ಅಧಿಕಾರ ಕೇಳಲಾಗಿತ್ತು. 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ 24 ಗಂಟೆ ಬಂದ್ ಆಯಿತು. ರೆಡ್ಡಿಟ್ 12 ಗಂಟೆ ಬಂದ್ ಆಯಿತು. ಗೂಗಲ್ ತನ್ನ ಲೋಗೊ ಮೇಲೆ ಕಪ್ಪು ಪಟ್ಟಿ ಎಳೆಯಿತು, ಸರ್ಚ್ ಮಾತ್ರ ಎಂದಿನಂತೆ ನಡೆಯಿತು. ಎರಡು ದಿನ ಕಳೆದು, ಜನವರಿ 20ರಂದು, ಸೆನೆಟ್‌ನ ಬಹುಮತ ಪಕ್ಷದ ನಾಯಕ ಹ್ಯಾರಿ ರೀಡ್ 24ಕ್ಕೆ ಇಟ್ಟಿದ್ದ ಮತದಾನವನ್ನು ಮುಂದೂಡಿದರು. ಎರಡೂ ಮಸೂದೆಗಳು ಮತ್ತೆ ಏಳಲಿಲ್ಲ.

ಇದು ಎಲ್ಲರಿಗೂ ಗೊತ್ತಿರುವ ಅರ್ಧ. ಇನ್ನರ್ಧ ಅದಕ್ಕಿಂತ ಮುಂಚೆ ನಡೆದದ್ದು. ಸೆನೆಟರ್ ರಾನ್ ವೈಡನ್ 2011ರ ಮೇ ತಿಂಗಳಲ್ಲೇ ಪೀಪಾಗೆ ತಡೆ ಒಡ್ಡಿದ್ದರು. ಕೆಳಮನೆಯಲ್ಲಿ ಜೋ ಲಾಫ್‌ಗ್ರೆನ್, ಡ್ಯಾರೆಲ್ ಐಸಾ ಬೇರೆ ಬೇರೆ ಪಕ್ಷದವರಾದರೂ ಸೋಪಾವನ್ನು ಒಟ್ಟಿಗೆ ವಿರೋಧಿಸುತ್ತಿದ್ದರು. ನವೆಂಬರ್ 16ರಂದು ಮೊದಲ ಸುತ್ತಿನ ಆನ್‌ಲೈನ್ ಪ್ರತಿಭಟನೆ ಆಗಿತ್ತು. ಅವತ್ತು ಟಂಬ್ಲರ್ ಎಂಬ ಬ್ಲಾಗ್ ತಾಣ ಒಂದರಿಂದಲೇ 87 ಸಾವಿರಕ್ಕೂ ಜಾಸ್ತಿ ಫೋನ್ ಕರೆಗಳು ಸಂಸದರ ಕಚೇರಿಗಳಿಗೆ ಹೋಗಿದ್ದವು. ಜನವರಿ ಎರಡನೇ ವಾರದಲ್ಲಿ ಮಸೂದೆ ತಂದವರೇ ಅದರ ಅತಿ ವಿವಾದದ ಭಾಗವನ್ನು, ಅಂದರೆ ಸೈಟ್‌ಗಳ ಹೆಸರನ್ನೇ ಇಂಟರ್ನೆಟ್‌ನಲ್ಲಿ ಸಿಗದಂತೆ ಮಾಡುವ ಕಲಮನ್ನು, ಕೈಬಿಡುವ ಮಾತಾಡಿದ್ದರು. 14ರಂದು ಶ್ವೇತಭವನವೂ ತನ್ನ ಆಕ್ಷೇಪವನ್ನು ಬಹಿರಂಗವಾಗಿ ಹೇಳಿತ್ತು. ಹಾಗಾಗಿ 18ರ ಬಂದ್ ಬಿದ್ದದ್ದು ಆಗಲೇ ಅಲ್ಲಾಡುತ್ತಿದ್ದ ಗೋಡೆಯ ಮೇಲೆ.

ಬಂದ್ ದಿನದ ಆ ಕಪ್ಪು ಪುಟವನ್ನೂ ಹತ್ತಿರದಿಂದ ನೋಡಿ. ಅದರಲ್ಲಿ ಎರಡು ಮೂರು ವಾಕ್ಯಗಳ ವಿವರಣೆ ಇತ್ತು. ಕೆಳಗೆ ಒಂದು ಚಿಕ್ಕ ಡಬ್ಬಿ. ನಿಮ್ಮ ಪಿನ್‌ಕೋಡ್ ಹಾಕಿ ಅನ್ನುತ್ತಿತ್ತು. ಹಾಕಿದರೆ ನಿಮ್ಮ ಸೆನೆಟರ್ ಯಾರು, ನಿಮ್ಮ ಪ್ರತಿನಿಧಿ ಯಾರು, ಅವರ ಫೋನ್ ನಂಬರ್ ಏನು ಎಂದು ಬರುತ್ತಿತ್ತು. ಅಷ್ಟೇ. ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಶನ್ ಕೊಟ್ಟ ಲೆಕ್ಕದಂತೆ ಆ ಪುಟವನ್ನು ಕಂಡವರು 16 ಕೋಟಿಗೂ ಜಾಸ್ತಿ, ತಮ್ಮ ಪ್ರತಿನಿಧಿಯ ವಿವರ ಹುಡುಕಿದವರು 80 ಲಕ್ಷ. ಅಂದರೆ ಸರಿಸುಮಾರು ಇಪ್ಪತ್ತಕ್ಕೆ ಒಬ್ಬರು. ಈ ಮಸೂದೆಗಳ ಬಗ್ಗೆ ಇದ್ದ ಲೇಖನಗಳನ್ನು ಮಾತ್ರ ಅವತ್ತೂ ತೆರೆದೇ ಇಟ್ಟಿದ್ದರು. ಸಿಟ್ಟಾದ ಓದುಗ ಯಾಕೆ ಏನು ಎಂದು ಅಲ್ಲೇ ಓದಿ ತಿಳಿಯಬಹುದಿತ್ತು. ಮೊಬೈಲ್‌ನಲ್ಲೂ ಸೈಟ್ ಸಿಗುತ್ತಿತ್ತು. ತುರ್ತಾಗಿ ಏನಾದರೂ ಬೇಕಾದವರಿಗೆ ದಾರಿ ಪೂರ್ತಿ ಮುಚ್ಚಿರಲಿಲ್ಲ.

ಕೆಲಸ ಮಾಡಿದ್ದು ಆ ಡಬ್ಬಿ ಎಂದು ನಾನು ನಂಬಿದ್ದೇನೆ. ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಆಗ ಯಾರು ಯಾವ ಕಡೆ ಎಂದು ಎಣಿಸುತ್ತಿತ್ತು. ಬಂದ್ ದಿನ ಮಸೂದೆ ಪರ ಇದ್ದ ಸಂಸದರು 80, ವಿರೋಧ ಇದ್ದವರು 31. ಮರುದಿನ ಪರ 65, ವಿರೋಧ 101. ಸೆನೆಟರ್ ಮಾರ್ಕೊ ರೂಬಿಯೊ ಪೀಪಾ ಮಂಡಿಸಿದವರಲ್ಲೇ ಒಬ್ಬರಾಗಿದ್ದರು, ಬಂದ್ ದಿನವೇ ಹಿಂದೆ ಸರಿದರು. ಕಪ್ಪು ಪರದೆ ನೋಡಿ ಯಾರೂ ಹೆದರಲಿಲ್ಲ. ಬಿಡುವಿಲ್ಲದೆ ರಿಂಗ್ ಆಗುತ್ತಿದ್ದ ಫೋನು, ಅದೂ ತಮ್ಮದೇ ಕ್ಷೇತ್ರದ ಮತದಾರರದ್ದು, ಅವರನ್ನು ಅಲ್ಲಾಡಿಸಿತು.

ಈಗ ಸೋತ ಕಡೆ ನೋಡೋಣ. ನಿಮ್ಮ ತಂಡದ ಎರಡನೆಯವರ ಮಾತಿಗೆ ತೂಕ ಬರುವುದು ಇಲ್ಲಿ.

ಅದೇ 2012ರ ಜುಲೈ 10ರಂದು ರಷ್ಯನ್ ವಿಕಿಪೀಡಿಯ ಬಂದ್ ಮಾಡಿತು. ಸೈಟ್‌ಗಳನ್ನು ಕಪ್ಪುಪಟ್ಟಿಗೆ ಸೇರಿಸುವ ಮಸೂದೆ ವಿರುದ್ಧ. ಮರುದಿನವೇ ರಷ್ಯಾ ಸಂಸತ್ತಿನ ಕೆಳಮನೆ ಡೂಮಾ ಅದನ್ನು ಪಾಸು ಮಾಡಿತು. ನವೆಂಬರ್ 1ರಿಂದ ಕಪ್ಪುಪಟ್ಟಿ ಜಾರಿಗೂ ಬಂತು. ಓದುಗರು ಸಿಟ್ಟಾಗಲಿಲ್ಲ ಅಂತಲ್ಲ. ಆ ಸಿಟ್ಟು ಹೋಗಿ ಮುಟ್ಟುವ ಜಾಗವೇ ಅಲ್ಲಿರಲಿಲ್ಲ. ತನ್ನ ಕ್ಷೇತ್ರದ ಮತದಾರ ಫೋನ್ ಮಾಡಿದರೆ ಸೀಟು ಹೋದೀತು ಎಂದು ಅಂಜುವ ಸಂಸದ ಇದ್ದಾಗ ಮಾತ್ರ ಈ ದಾರಿಗೆ ಬಲ.

ಯುರೋಪಿನ ಕಥೆ ಇನ್ನೂ ಹೆಚ್ಚು ಕಲಿಸುತ್ತದೆ. ಅಲ್ಲಿ ಒಂದೇ ಕಾನೂನಿನ ವಿರುದ್ಧ ಎರಡು ಸಲ ಬಂದ್ ಆಯಿತು, ಎರಡು ಬೇರೆ ಫಲ ಬಂತು. ಹಕ್ಕುಸ್ವಾಮ್ಯದ ಹೊಸ ನಿರ್ದೇಶನ ಅದು. ಬಳಕೆದಾರರು ಹಾಕುವುದಕ್ಕೆ ದೊಡ್ಡ ಪ್ಲಾಟ್‌ಫಾರ್ಮ್‌ಗಳನ್ನು ಹೊಣೆ ಮಾಡುವ 13ನೇ ವಿಧಿ ಅದರಲ್ಲಿತ್ತು. ನಿಮ್ಮ ಮಸೂದೆಯ ಹತ್ತಿರದ ನೆಂಟ ಅನ್ನಬಹುದು. 2018ರ ಜುಲೈ ಮೊದಲ ವಾರ ಇಟಾಲಿಯನ್, ಸ್ಪ್ಯಾನಿಷ್, ಪೋಲಿಷ್ ಮುಂತಾದ ವಿಕಿಪೀಡಿಯಗಳು ಬಂದ್ ಆದವು. ಜುಲೈ 5ರಂದು ಯುರೋಪಿಯನ್ ಸಂಸತ್ತು ಆ ಕರಡನ್ನು 318ಕ್ಕೆ 278 ಮತಗಳಿಂದ ತಳ್ಳಿಹಾಕಿತು. ಗೆದ್ದೆವು ಎಂದು ಎಷ್ಟೋ ಜನ ಅಂದುಕೊಂಡರು. ಆದರೆ ಸೆಪ್ಟೆಂಬರ್‌ನಲ್ಲಿ ಅದು ತಿದ್ದುಪಡಿಗಳೊಂದಿಗೆ ಮತ್ತೆ ಬಂತು, ಪಾಸಾಯಿತು. ಕೊನೆಯ ಮತದಾನಕ್ಕೆ ಐದು ದಿನ ಇರುವಾಗ, 2019ರ ಮಾರ್ಚ್ 21ರಂದು, ಜರ್ಮನ್, ಚೆಕ್, ಡ್ಯಾನಿಷ್, ಸ್ಲೊವಾಕ್ ವಿಕಿಪೀಡಿಯಗಳು ಬಂದ್ ಆದವು. ಅದರ ಬೆನ್ನಿಗೇ ಹಲವು ನಗರಗಳಲ್ಲಿ ಜನ ಬೀದಿಗೂ ಇಳಿದರು. ಮಾರ್ಚ್ 26ರಂದು ನಿರ್ದೇಶನ 348ಕ್ಕೆ 274ರಿಂದ ಪಾಸಾಯಿತು. ವಿವಾದದ ವಿಧಿಗಳ ಮೇಲೆ ಬೇರೆಯಾಗಿ ಮತ ಹಾಕಲು ದಾರಿ ಮಾಡಿಕೊಡುವ ಸೂಚನೆ ಬಿದ್ದುಹೋದದ್ದು ಬರೀ ಐದು ಮತಗಳಿಂದ.

ಎರಡನೇ ಸಲ ಯಾಕೆ ಆಗಲಿಲ್ಲ? ಮೊದಲ ಸಲ ಸಂಸದರು ಹೇಳಬೇಕಿದ್ದದ್ದು ‘ಇನ್ನೂ ಚರ್ಚೆ ಆಗಲಿ’ ಎಂಬಷ್ಟು ಮಾತ್ರ. ಅದು ಸುಲಭದ ಮಾತು. ಎರಡನೇ ಸಲ ವರ್ಷಗಟ್ಟಲೆ ನಡೆದ ಮಾತುಕತೆಯನ್ನೇ ಕೆಡವಿ ಅನ್ನಬೇಕಿತ್ತು. ಅಷ್ಟರಲ್ಲಿ ಪರವಾಗಿದ್ದ ಕಲಾವಿದರು, ಪ್ರಕಾಶಕರು ಕೂಡ ಚೆನ್ನಾಗಿ ಸಂಘಟಿತರಾಗಿದ್ದರು. ಸಾವಿರಾರು ಒಂದೇ ತರಹದ ಇಮೇಲ್‌ಗಳು ಬಂದು ಬಿದ್ದಾಗ ‘ಇವೆಲ್ಲ ಯಂತ್ರ ಕಳಿಸಿದ್ದು’ ಎಂದು ಬದಿಗೆ ತಳ್ಳುವ ಸಂಸದರೂ ಇದ್ದರು. ಈ ಕೊನೆಯ ವಿಷಯ ನೆನಪಿಟ್ಟುಕೊಳ್ಳಿ. ನೀವು ಓದುಗರ ಕೈಗೆ ಸಿದ್ಧ ಇಮೇಲ್ ಕೊಟ್ಟರೆ ಅವರಿಗೆ ಸುಲಭ, ಅದನ್ನು ಕಸದ ಬುಟ್ಟಿಗೆ ಹಾಕುವುದು ಕಚೇರಿಯವರಿಗೆ ಇನ್ನೂ ಸುಲಭ. ಸ್ವಂತ ಮಾತಿನ ನಾಲ್ಕು ಸಾಲು, ಒಂದು ಫೋನ್ ಕರೆ, ಇವಕ್ಕಿರುವ ಬೆಲೆಯೇ ಬೇರೆ.

ತಡವಾಗಿ ಮಾಡಿದ ಬಂದ್‌ಗೆ ಹಳೆಯ ಉದಾಹರಣೆಯೂ ಇದೆ. 1996ರ ಫೆಬ್ರವರಿ 8ರಂದು ಅಮೆರಿಕದಲ್ಲಿ ಇಂಟರ್ನೆಟ್ ಮಾತಿನ ಮೇಲೆ ಕಡಿವಾಣ ಹಾಕುವ ಕಾನೂನಿಗೆ ಸಹಿ ಬಿತ್ತು. ಸಹಿ ಬಿದ್ದ ಮೇಲೆ ಸಾವಿರಾರು ಸೈಟ್‌ಗಳು 48 ಗಂಟೆ ಹಿನ್ನೆಲೆಯನ್ನು ಕಪ್ಪು ಮಾಡಿಕೊಂಡವು. ಕಾನೂನಿನ ಮುಖ್ಯ ಭಾಗ ಬಿದ್ದುಹೋದದ್ದು ನಿಜ, ಆದರೆ ಕೆಡವಿದ್ದು ಸುಪ್ರೀಂ ಕೋರ್ಟ್, 1997ರ ಜೂನ್‌ನಲ್ಲಿ. ಆ ಕೆಲಸ ವಕೀಲರದ್ದು.

ಇಟಲಿಯ ಉದಾಹರಣೆ ನಿಮ್ಮ ಸ್ಥಿತಿಗೆ ಹೆಚ್ಚು ಹೊಂದುತ್ತದೆ. 2011ರ ಅಕ್ಟೋಬರ್ 4ರಿಂದ ಇಟಾಲಿಯನ್ ವಿಕಿಪೀಡಿಯ ಬಂದ್ ಆಯಿತು. ತಮ್ಮ ಮಾನಕ್ಕೆ ಕುಂದು ಬಂತು ಎಂದು ಯಾರಾದರೂ ಹೇಳಿದರೆ 48 ಗಂಟೆಯೊಳಗೆ ಅವರ ಸ್ಪಷ್ಟನೆಯನ್ನು ಇದ್ದ ಹಾಗೇ ಹಾಕಬೇಕು ಎನ್ನುವ ಒಂದು ಕಲಮಿನ ವಿರುದ್ಧ. ಇಡೀ ಮಸೂದೆ ಬೇಡ ಅಂತ ಅವರು ಕೂಗಲಿಲ್ಲ, ಆ ಒಂದು ಕಲಮನ್ನು ಹಿಡಿದರು. ಕೆಲವೇ ದಿನಗಳಲ್ಲಿ ಅದನ್ನು ನೋಂದಾಯಿತ ಸುದ್ದಿ ಸೈಟ್‌ಗಳಿಗೆ ಮಾತ್ರ ಸೀಮಿತ ಮಾಡುವ ತಿದ್ದುಪಡಿ ಬಂತು. ಬೇಡಿಕೆ ಚಿಕ್ಕದಿದ್ದರೆ, ಅದನ್ನು ಒಪ್ಪಿಕೊಂಡೂ ರಾಜಕಾರಣಿಯ ಮುಖ ಉಳಿಯುವಂತಿದ್ದರೆ, ಕೆಲಸ ಬೇಗ ಆಗುತ್ತದೆ. ನಿಮ್ಮ ಮಸೂದೆಯಲ್ಲೂ ‘ಲಾಭಕ್ಕಲ್ಲದ, ಚಿಕ್ಕ ಸೈಟ್‌ಗಳನ್ನು ಹೊರಗಿಡಿ’ ಎಂಬ ಒಂದು ಸಾಲಿನ ತಿದ್ದುಪಡಿ ಕೇಳಲು ಆಗುತ್ತದೆಯೇ ನೋಡಿ. ಯುರೋಪಿನ ಆ ನಿರ್ದೇಶನದಲ್ಲೇ ಲಾಭವಿಲ್ಲದೆ ನಡೆಯುವ ಆನ್‌ಲೈನ್ ವಿಶ್ವಕೋಶಗಳನ್ನೂ ಶೈಕ್ಷಣಿಕ ಭಂಡಾರಗಳನ್ನೂ ಆ ಹೊಣೆಯಿಂದ ಹೊರಗಿಟ್ಟಿದ್ದಾರೆ. ಸೋತರು ಅನ್ನುವ ಹೋರಾಟದಲ್ಲೂ ಅಷ್ಟು ಉಳಿದಿದೆ. ನಿಮಗೆ ಅದು ತೋರಿಸಲು ಒಳ್ಳೆ ಮಾದರಿ.

ಇನ್ನು ಕೆಲವು ತಪ್ಪು ತಿಳಿವಳಿಕೆಗಳು.

‘ಸೈಟ್ ಬಂದ್ ಮಾಡುವುದೂ ಒಂದು ಬಗೆಯ ಸೆನ್ಸಾರ್ ಅಲ್ವಾ’ ಎಂದು ಕೇಳುವವರಿದ್ದಾರೆ. ಅಲ್ಲ. ತನ್ನ ಅಂಗಡಿಯ ಬಾಗಿಲನ್ನು ತಾನೇ ಎಳೆದುಕೊಳ್ಳುವುದು ಬೇರೆ, ಇನ್ನೊಬ್ಬರ ಬಾಗಿಲಿಗೆ ಬೀಗ ಜಡಿಯುವುದು ಬೇರೆ. ಸರ್ಕಾರ ಇಂಟರ್ನೆಟ್ ಕಡಿತ ಮಾಡುವುದು, ಹ್ಯಾಕರ್‌ಗಳು ಬೇರೆಯವರ ಸೈಟ್ ಉರುಳಿಸುವುದು, ಇವು ಎರಡನೇ ಬಗೆ. ಆದರೆ ಒಂದು ಷರತ್ತಿದೆ. ಬಾಗಿಲು ನಿಜಕ್ಕೂ ನಿಮ್ಮದಾಗಿರಬೇಕು. ನಿಮ್ಮ ಸೈಟ್‌ನಲ್ಲಿ ಇರುವುದು ಓದುಗರು ಬರೆದದ್ದು. ಹಾಗಾಗಿ ನಾಲ್ಕು ಜನ ಕೂತು ತೀರ್ಮಾನ ಮಾಡಿದರೆ ಸಾಲದು. ಇಂಗ್ಲಿಷ್ ವಿಕಿಪೀಡಿಯದಲ್ಲಿ 1,800ಕ್ಕೂ ಹೆಚ್ಚು ಸಂಪಾದಕರು ಮೂರು ದಿನ ಚರ್ಚೆ ಮಾಡಿ ಒಪ್ಪಿದ ಮೇಲೆ ಬಂದ್ ಆಯಿತು. ‘ನಾವು ತಟಸ್ಥರಲ್ವಾ’ ಎಂಬ ಪ್ರಶ್ನೆ ಅಲ್ಲೂ ಬಂದಿತ್ತು. ಲೇಖನಗಳು ತಟಸ್ಥವಾಗಿರಬೇಕು, ಆದರೆ ಸೈಟ್ ಉಳಿಯಬೇಕೋ ಬೇಡವೋ ಎಂಬ ವಿಷಯದಲ್ಲಿ ಅದನ್ನು ನಡೆಸುವವರು ಮಾತಾಡಬಹುದು ಎಂಬುದೇ ಅಲ್ಲಿ ಮೇಲಾದ ವಾದ. ನನಗೂ ಅದು ಸರಿ ಅನ್ನಿಸುತ್ತದೆ. ಸೈಟ್‌ಗೆ ಸಂಬಂಧವೇ ಇಲ್ಲದ ರಾಜಕೀಯಕ್ಕೆ ಮಾತ್ರ ಇದನ್ನು ಬಳಸಬೇಡಿ.

‘ದೊಡ್ಡ ಕಂಪನಿಗಳು ಸೇರಿದರೆ ಗೆಲುವು ಗ್ಯಾರಂಟಿ’ ಎನ್ನುವುದೂ ಸುಳ್ಳು. 2017ರ ಜುಲೈ 12ರಂದು ಅಮೆರಿಕದಲ್ಲಿ ನೆಟ್ ನ್ಯೂಟ್ರಾಲಿಟಿ, ಅಂದರೆ ಇಂಟರ್ನೆಟ್ ಕಂಪನಿಗಳು ಎಲ್ಲ ಸೈಟ್‌ಗಳನ್ನೂ ಒಂದೇ ರೀತಿ ಕಾಣಬೇಕು ಎಂಬ ನಿಯಮ, ಉಳಿಸಿ ಎಂದು ದೊಡ್ಡ ದೊಡ್ಡ ಕಂಪನಿಗಳೇ ಸೇರಿದವು. ಹೆಚ್ಚಿನವು ಮಾಡಿದ್ದು ಒಂದು ಬ್ಯಾನರ್ ಹಾಕುವುದು, ಒಂದು ಪೋಸ್ಟ್ ಬರೆಯುವುದು, ಅಷ್ಟೇ. ಬಳಸುವವರಿಗೆ ಅವತ್ತು ಏನೂ ತಡೆ ಆಗಲಿಲ್ಲ. ತೀರ್ಮಾನ ತೆಗೆದುಕೊಳ್ಳಬೇಕಿದ್ದ ಎಫ್‌ಸಿಸಿ ಎಂಬ ದೂರಸಂಪರ್ಕ ನಿಯಂತ್ರಣ ಆಯೋಗದ ಸದಸ್ಯರು ಮತ ಕೇಳಿ ಗೆದ್ದು ಬಂದವರಲ್ಲ, ನೇಮಕ ಆದವರು. ಡಿಸೆಂಬರ್ 14ರಂದು 3ಕ್ಕೆ 2ರಂತೆ ನಿಯಮ ರದ್ದು ಮಾಡಿದರು.

ಕಂಪನಿಗಳು ತಮ್ಮ ಲಾಭಕ್ಕಾಗಿ ಮಾಡುವ ಬಂದ್ ನೋಡಿದಾಗಲಂತೂ ನನಗೆ ನಿಜವಾಗಿ ಕಳವಳ ಆಗುತ್ತದೆ. 2021ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯದಲ್ಲಿ, ಸುದ್ದಿಗೆ ಹಣ ಕೊಡಿ ಎಂಬ ಕಾನೂನು ವಿರೋಧಿಸಿ ಫೇಸ್‌ಬುಕ್ ಸುದ್ದಿ ಪುಟಗಳನ್ನು ಮುಚ್ಚಿತು. ಆ ಏಟಿಗೆ ಆರೋಗ್ಯ ಇಲಾಖೆಗಳು, ಅಗ್ನಿಶಾಮಕ ಸೇವೆ, ಹವಾಮಾನ ಇಲಾಖೆಯ ಪುಟಗಳೂ ಖಾಲಿಯಾದವು. ಒಂದು ವಾರದೊಳಗೆ ಕೆಲವು ತಿದ್ದುಪಡಿಗೆ ಸರ್ಕಾರವನ್ನು ಒಪ್ಪಿಸಿ, ಆಮೇಲೆ ವಾಪಸ್ ಬಂದರು. ಕೆನಡಾದಲ್ಲಿ 2023ರ ಆಗಸ್ಟ್‌ನಲ್ಲಿ ಅದೇ ಮಾಡಿದರು. ಅದೇ ತಿಂಗಳು ಕಾಡ್ಗಿಚ್ಚಿನಿಂದ ಊರುಗಳನ್ನೇ ಖಾಲಿ ಮಾಡಿಸುವಾಗ ಜನರಿಗೆ ಸುದ್ದಿಯ ಕೊಂಡಿ ಹಂಚಿಕೊಳ್ಳಲು ಆಗಲಿಲ್ಲ. ಅಷ್ಟಾದರೂ ಅಲ್ಲಿ ಕಾನೂನು ಉಳಿಯಿತು. ಬಳಸುವವರನ್ನು ಕೇಳದೆ, ಅವರಿಗೇ ಬೇಕಾದ್ದನ್ನು ಕಿತ್ತುಕೊಂಡು ಒತ್ತಡ ಹಾಕುವುದು ಇದು. ನಿಮ್ಮ ಬಂದ್ ಓದುಗರ ಕಣ್ಣಿಗೆ ಹೀಗೆ ಕಾಣಬಾರದು.

ಸರ್ಚ್ ಬಗ್ಗೆ ನಿಮ್ಮ ಭಯಕ್ಕೆ ನೇರ ಉತ್ತರ ಇದೆ. ಒಂದು ದಿನಕ್ಕೆ ಏನೂ ಆಗುವುದಿಲ್ಲ, ಸರಿಯಾಗಿ ಮಾಡಿದರೆ. ಪುಟಗಳನ್ನು ಪೂರ್ತಿ ಮುಚ್ಚುವುದಾದರೆ ನಿಮ್ಮ ಸರ್ವರ್ 503 ಎಂಬ ಉತ್ತರ ಕೊಡಬೇಕು. ‘ಈಗ ತಾತ್ಕಾಲಿಕವಾಗಿ ಇಲ್ಲ, ಆಮೇಲೆ ಬಾ’ ಎಂದು ಅದರ ಅರ್ಥ. ಸರ್ಚ್ ಎಂಜಿನ್ ಕಪ್ಪು ಪುಟವನ್ನು ನಿಮ್ಮ ನಿಜವಾದ ಪುಟ ಎಂದು ತಿಳಿಯುವುದಿಲ್ಲ. 404 ಕೊಟ್ಟರೆ ಪುಟವೇ ಇಲ್ಲ ಎಂದಾಗುತ್ತದೆ. ಎಲ್ಲವನ್ನೂ ಶಾಶ್ವತ ರೀಡೈರೆಕ್ಟ್ ಮಾಡಿ ಒಂದೇ ಪುಟಕ್ಕೆ ಕಳಿಸಿದರೆ ಇನ್ನೂ ಕೆಟ್ಟದು. ಎಲ್ಲಿಗೆ ಬರಬಹುದು, ಎಲ್ಲಿಗೆ ಬರಬಾರದು ಎಂದು ಸರ್ಚ್ ಎಂಜಿನ್‌ಗೆ ಹೇಳುವ ರೋಬಾಟ್ಸ್ ಕಡತವನ್ನು (robots.txt) ಮುಟ್ಟಲೇಬೇಡಿ, ಅದು ಎಂದಿನಂತೆ 200, ಅಂದರೆ ‘ಎಲ್ಲ ಸರಿ’, ಎಂದೇ ಉತ್ತರ ಕೊಡಲಿ. ಅದಕ್ಕೂ 503 ಕೊಟ್ಟರೆ ಸರ್ಚ್ ಎಂಜಿನ್ ಇಡೀ ಸೈಟ್‌ಗೆ ಬರುವುದನ್ನೇ ನಿಲ್ಲಿಸಿಬಿಡುತ್ತದೆ. ಪುಟದ ಮೇಲೆ ಒಂದು ಪರದೆ ಮಾತ್ರ ಇಳಿಸುವುದಾದರೆ ಕೆಳಗಿನ ಪುಟ ಹಾಗೇ ಇರುತ್ತದೆ, ಈ ತಲೆನೋವೇ ಇಲ್ಲ. ವಿಕಿಪೀಡಿಯ ಮಾಡಿದ್ದೂ ಪರದೆಯನ್ನೇ, ಜಾವಾಸ್ಕ್ರಿಪ್ಟ್ ಆಫ್ ಮಾಡಿದವರಿಗೆ ಲೇಖನ ಕಾಣುತ್ತಿತ್ತು.

ಹಾಗಾದರೆ ನೀವು ಏನು ಮಾಡಬೇಕು?

ಪೂರ್ತಿ ಬಂದ್ ನಿಮಗೆ ಬೇಡ ಎಂದು ನನ್ನ ಅಭಿಪ್ರಾಯ. ಚಿಕ್ಕ ಸೈಟ್ ಮುಚ್ಚಿದರೆ ಸುದ್ದಿಯಾಗುವುದಿಲ್ಲ, ಪರೀಕ್ಷೆ ಬರೆಯುವ ಹುಡುಗಿಗೆ ಮಾತ್ರ ಗೊತ್ತಾಗುತ್ತದೆ. ಅದರ ಬದಲು ಪ್ರತಿ ಪುಟದ ಮೇಲೂ ಒಂದು ಪರದೆ ಇಳಿಸಿ. ‘ಈ ಟಿಪ್ಪಣಿಯನ್ನು ನಿಮ್ಮಂಥ ಓದುಗರೊಬ್ಬರು ಬರೆದರು. ಮಸೂದೆ ಹೀಗೇ ಪಾಸಾದರೆ ಇದನ್ನು ಇಲ್ಲಿ ಇಡಲು ನಮಗೆ ಧೈರ್ಯವಿರುವುದಿಲ್ಲ’ ಎಂದು ಅದರಲ್ಲಿ ಬರೆಯಿರಿ. ಕೆಳಗೆ ಪ್ರತಿನಿಧಿಯ ನಂಬರ್ ಹುಡುಕುವ ಡಬ್ಬಿ. ಅದರ ಕೆಳಗೆ ‘ಓದಲು ಮುಂದುವರಿಯಿರಿ’ ಎಂಬ ಬಟನ್. ಹೀಗೆ ಮಾಡಿದರೆ ಕಾನೂನಿನ ಪರಿಣಾಮ ಓದುಗನಿಗೆ ತಾನು ಹುಡುಕಿ ಬಂದ ಪುಟದಲ್ಲೇ ಕಾಣುತ್ತದೆ, ಪುಟವೂ ಸಿಗುತ್ತದೆ. ಕಪ್ಪು ಪರದೆಯಷ್ಟು ಬಿರುಸು ಇದರಲ್ಲಿಲ್ಲ, ಒಪ್ಪುತ್ತೇನೆ. ‘ಮುಂದುವರಿಯಿರಿ’ ಒತ್ತಿ ಹೋಗುವವರೇ ಜಾಸ್ತಿ ಇರುತ್ತಾರೆ. ಆದರೂ ಇಪ್ಪತ್ತರಲ್ಲಿ ಒಬ್ಬರು ಡಬ್ಬಿ ಮುಟ್ಟಿದರೆ ಅದು ದೊಡ್ಡದೇ.

ಕರೆ ಕೊಟ್ಟವರು ಪೂರ್ತಿ ಬಂದ್‌ಗೇ ಒತ್ತಾಯ ಮಾಡಿದರೆ ಅವರನ್ನು ಮೂರು ವಿಷಯ ಕೇಳಿ. ಈ ದಿನವೇ ಯಾಕೆ? ಮತದಾನವೋ ಸಮಿತಿಯ ಸಭೆಯೋ ಹತ್ತಿರ ಇದೆಯೇ? ಒಳಗೆ ನಮ್ಮ ಮಾತು ಎತ್ತಲು ಒಬ್ಬ ಸದಸ್ಯರಾದರೂ ಒಪ್ಪಿದ್ದಾರೆಯೇ? ಯಾವ ಕಲಮು ಹೇಗೆ ಬದಲಾಗಬೇಕು ಎಂದು ಬರೆದು ಇಟ್ಟಿದ್ದೀರಾ? ಉತ್ತರ ಸಿಗದಿದ್ದರೆ ಆ ಬಂದ್‌ಗೆ ನಿಮ್ಮ ಹೆಸರು ಸೇರಿಸಬೇಡಿ. ಒಂದು ಸಲ ಬಂದ್ ಮಾಡಿ ಏನೂ ಆಗದಿದ್ದರೆ ಮುಂದಿನ ಸಲ ಓದುಗರನ್ನು ಕರೆಯುವುದು ಕಷ್ಟ.

ಬಂದ್ ಇಲ್ಲದೆಯೂ ಗೆದ್ದದ್ದಿದೆ. 2015ರಲ್ಲಿ ಭಾರತದ ದೂರಸಂಪರ್ಕ ನಿಯಂತ್ರಕ ಟ್ರಾಯ್ ನೆಟ್ ನ್ಯೂಟ್ರಾಲಿಟಿ ಬಗ್ಗೆ 20 ಪ್ರಶ್ನೆ ಇಟ್ಟು ಅಭಿಪ್ರಾಯ ಕೇಳಿತು. ಸ್ವಯಂಸೇವಕರು ಆ ಪ್ರಶ್ನೆಗಳಿಗೆ ಸರಳ ಉತ್ತರ ಬರೆದು ಜನರ ಮುಂದಿಟ್ಟರು. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. 2016ರ ಫೆಬ್ರವರಿ 8ರಂದು ಯಾವ ಸೈಟ್ ನೋಡುತ್ತೀರಿ ಎಂಬುದರ ಮೇಲೆ ಡೇಟಾಗೆ ಬೇರೆ ಬೇರೆ ದರ ಹಾಕುವುದನ್ನು ಟ್ರಾಯ್ ನಿಷೇಧಿಸಿತು. ಅಲ್ಲಿ ಸಿದ್ಧ ಇಮೇಲ್ ಕೂಡ ನಡೆಯಿತು, ಯಾಕಂದರೆ ಕೇಳಿದವರೇ ಲಿಖಿತ ಉತ್ತರ ಕೇಳಿದ್ದರು. ನಿಮ್ಮ ಮಸೂದೆಗೂ ಸಾರ್ವಜನಿಕ ಅಭಿಪ್ರಾಯಕ್ಕೆ ಅವಕಾಶ ಇದ್ದರೆ ಪರದೆಯ ಡಬ್ಬಿಯನ್ನು ಅಲ್ಲಿಗೇ ತಿರುಗಿಸಿ.

ಅಪಾಯಗಳ ಮಾತೂ ಆಡಬೇಕು. ನಿಮ್ಮದು ನೋಂದಾಯಿತ ಸಂಸ್ಥೆಯಾಗಿದ್ದರೆ, ದೇಣಿಗೆ ಪಡೆಯುವವರು ರಾಜಕೀಯ ಪ್ರಚಾರ ಎಷ್ಟು ಮಾಡಬಹುದು ಎಂಬುದಕ್ಕೆ ಮಿತಿ ಇರಬಹುದು, ಲೆಕ್ಕಪರಿಶೋಧಕರನ್ನೋ ವಕೀಲರನ್ನೋ ಮೊದಲೇ ಕೇಳಿ. ಮಸೂದೆಯ ಬಗ್ಗೆ ಹೇಳಿ, ಪಕ್ಷದ ಬಗ್ಗೆ ಹೇಳಬೇಡಿ. ಪರದೆಯ ಮೇಲೆ ಹಾಕುವ ಪ್ರತಿ ವಾಕ್ಯಕ್ಕೂ ಮಸೂದೆಯ ಯಾವ ಕಲಮು ಆಧಾರ ಎಂದು ತೋರಿಸಲು ಆಗಬೇಕು. ಒಂದು ಉತ್ಪ್ರೇಕ್ಷೆ ಸಿಕ್ಕರೆ ಸಾಕು, ಎದುರಿನವರು ಅದನ್ನೇ ಹಿಡಿದು ಎಳೆಯುತ್ತಾರೆ.

ದಿನ ಗೊತ್ತು ಮಾಡುವಾಗ ಪರೀಕ್ಷಾ ವಾರ ಬಿಟ್ಟುಬಿಡಿ, ಸಂಸದರ ಕಚೇರಿ ತೆರೆದಿರುವ ಕೆಲಸದ ದಿನವನ್ನೇ ಹಿಡಿಯಿರಿ. ಒಂದು ವಾರ ಮುಂಚೆ ಓದುಗರಿಗೆ ತಿಳಿಸಿ, ಬರೆಯುವವರ ಒಪ್ಪಿಗೆ ಕೇಳಿ. ನಿಮ್ಮ ನಾಲ್ವರಲ್ಲಿ ಒಬ್ಬರು ಕೊನೆಗೂ ಒಪ್ಪದಿದ್ದರೆ ಪರದೆಯ ಬದಲು ಮೇಲ್ಗಡೆ ಒಂದು ಪಟ್ಟಿ ಹಾಕಿದರೂ ಸರಿ, ಡಬ್ಬಿ ಮಾತ್ರ ಇರಲಿ. ಹಿಂದಿನ ರಾತ್ರಿ ಒಂದು ಹಳೆಯ ಮೊಬೈಲ್‌ನಲ್ಲಿ ಆ ಡಬ್ಬಿಯನ್ನು ನೀವೇ ಒತ್ತಿ ನೋಡಿ, ಬರುವ ನಂಬರ್‌ಗಳು ಈಗಿನವೇ ಎಂದು ಒಂದೊಂದನ್ನೂ ತಾಳೆ ನೋಡಿ.